ಗೌಡರ ತಾರತಮ್ಯ ವಿವೇಚನೆ

ಹಣವಿಲ್ಲದ ಕಾರಣ ಕಾರು ಕೊಳ್ಳಲಾರದವರು ಲೋಕದಲ್ಲಿ ಬಹುಮಂದಿ ಇದ್ದಾರೆ. ಅವರ ಕಷ್ಟ ಯಾರಿಗಾದರೂ ಅರ್ಥವಾಗುವಂಥದು. ಆದರೆ ಹಣವೂ ಇದ್ದು, ಆಸೆಯೂ ಇದ್ದು, ಮಾರುವವರು ಕೈಮುಗಿದುಕೊಂಡು ಬಾಗಿಲಲ್ಲಿ ಕಾದಿದ್ದರೂ, ಎರಡು ಗಾಡಿಗಳಲ್ಲಿ ಯಾವುದು ಮೇಲೆಂಬ ಜಿಜ್ಞಾಸೆಯಲ್ಲಿಯೇ ಪರಮಸುಖವನ್ನು ಕಾಣುತ್ತ ವರ್ಷಗಳನ್ನು ಕಳೆಯತಕ್ಕ ಪುರುಷರದೊಂದು ವರ್ಗವುಂಟು; ಆ ವರ್ಗಕ್ಕೆ ಶಿರೋಮಣಿಯೆನ್ನಬಹುದಾದ ಗೌಡರೊಬ್ಬರ ಸ್ನೇಹ ನನಗೆ ಲಭಿಸಿದೆ.

ಇವರ ಪಿತ್ರಾರ್ಜಿತ ಹೊಲಗಳಿದ್ದುದು ದೇವನಹಳ್ಳಿಯ ಸೀಮೆಯಲ್ಲಿ. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ತೆರೆದ ತರುವಾಯ, ಅದುವರೆಗೆ ರಾಗಿಯನ್ನಷ್ಟೇ ಬೆಳೆಯುತ್ತಿದ್ದ ಆ ಕೆಂಪುಮಣ್ಣು ಚದರಡಿಯ ಲೆಕ್ಕದಲ್ಲಿ ಬೆಲೆಬಾಳತೊಡಗಿ, ಗೌಡರು ಅನಾಯಾಸವಾಗಿ ಕೋಟ್ಯಧಿಪತಿಗಳಾದರು. ಇವರ ತಂದೆಯವರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಹಲ್ಲು ಬಿಡಿಸಿ ಪ್ರಾಯ ಹೇಳುವುದರಲ್ಲಿಯೂ, ಸುಳಿ ನೋಡಿ ಶುಭಾಶುಭಗಳನ್ನು ನಿರ್ಣಯಿಸುವುದರಲ್ಲಿಯೂ, ಟವೆಲಿನ ಮರೆಯಲ್ಲಿ ದಳ್ಳಾಳಿಯ ಬೆರಳು ಹಿಡಿದು ದರ ಕುದುರಿಸುವುದರಲ್ಲಿಯೂ ಅದ್ವಿತೀಯರೆನಿಸಿದ್ದರಂತೆ. ಅಂಥವರ ವಂಶದಲ್ಲಿ ಜನಿಸಿದವರು ಮೂರು ಕೋಟಿಗೂ ಮೇಲ್ಪಟ್ಟ ಪದಾರ್ಥವನ್ನು ಕಣ್ಣುಮುಚ್ಚಿಕೊಂಡು ಕೊಳ್ಳುವುದುಂಟೆ?

ಕಣದಲ್ಲಿದ್ದುವು ಜರ್ಮನಿಯ ಪೋರ್ಷೆ 911 ಟರ್ಬೊ ಎಸ್ ಮತ್ತು ಇಟಲಿಯ ಲ್ಯಾಂಬೋರ್ಗಿನಿ ಹುರಕಾನ್ ಇವೊ. ಒಂದರ ಲಾಂಛನದಲ್ಲಿ ಕುದುರೆ, ಇನ್ನೊಂದರಲ್ಲಿ ಗೂಳಿ. ಒಕ್ಕಲು ಮನೆತನದ ಹೃದಯ ಸಹಜವಾಗಿಯೇ ಗೂಳಿಯ ಕಡೆಗೆ ವಾಲಿತು; 1963ರಲ್ಲಿ ಆ ಕಾರಿನ ಕಂಪನಿಯನ್ನು ಕಟ್ಟಿದ ಫೆರುಚ್ಚೊ ಲ್ಯಾಂಬೋರ್ಗಿನಿ ಎಂಬಾತ ಅದಕ್ಕೆ ಮುನ್ನ ಟ್ರ್ಯಾಕ್ಟರುಗಳನ್ನು ತಯಾರಿಸುತ್ತಿದ್ದವನೆಂದು ತಿಳಿದಾಗಲಂತೂ, ‘ಹಂಗಾದ್ರೆ ನಮ್ಮೋನೇ ಅನ್ನಿ’ ಎಂದು ಗೌಡರು ಗದ್ಗದಿತರಾದರು. ಅಲ್ಲಿಗೆ ವಿಷಯ ಮುಗಿಯಿತೆಂದು ನಾನು ಭ್ರಮಿಸಿದ್ದೆ. ಆದರೆ ಪೋರ್ಷೆಯ ಈ ಗಾಡಿಯ ಮೂಲಪುರುಷನೂ ಅದೇ 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಅವತರಿಸಿದನೆಂದೂ, ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳ ಹಕ್ಕು ತನ್ನದೆಂದು ಫ್ರಾನ್ಸಿನ ಪ್ಯೂಜೊ ಕಂಪನಿ ಆಕ್ಷೇಪಿಸಿದ್ದರಿಂದ ಸೊನ್ನೆ ತೊಲಗಿ ಒಂದು ಬಂದು 911 ಆಯಿತೆಂದೂ ಅವರು ಎಲ್ಲಿಯೋ ಓದಿ, ಮರುದಿನ ಬೆಳಗ್ಗೆಯೇ ನಮ್ಮ ಮನೆಗೆ ಬಂದು, ‘ಆ ತಕರಾರು ಪೂರ್ತಿ ಇತ್ಯರ್ಥ ಆಯ್ತಾ ಸ್ವಾಮಿ, ಇಲ್ಲ ನಾಳೆ ಖಾತೆ ಮಾಡಿಸೋವಾಗ ತೊಂದ್ರೆ ಬರುತ್ತಾ?’ ಎಂದು ವಿಚಾರಿಸಿದರು.

ಅಂದಿನಿಂದ ಒಂದು ಲೆಕ್ಕದ ಪುಸ್ತಕ ಆರಂಭವಾಯಿತು: ಎಡಪುಟ ಕುದುರೆಗೆ, ಬಲಪುಟ ಗೂಳಿಗೆ. ಬಾಲದಲ್ಲಿ ಎದುರುಬದುರಾಗಿ ಮಲಗಿರುವ ಆರು ಸಿಲಿಂಡರುಗಳ ಟರ್ಬೊ ಎಂಜಿನಿನಿಂದ 650 ಅಶ್ವಶಕ್ತಿ ಎಡಕ್ಕೆ. ಸವಾರನ ಬೆನ್ನಿಗೇ ಆತುಕೊಂಡು, ಟರ್ಬೊವಿನ ಹಂಗಿಲ್ಲದೆ ಸ್ವಂತ ಉಸಿರಿನಿಂದಲೇ ಗರ್ಜಿಸುವ ಹತ್ತು ಸಿಲಿಂಡರುಗಳಿಂದ 640 ಬಲಕ್ಕೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಒಂದಕ್ಕೆ 2.7 ಸೆಕೆಂಡು, ಇನ್ನೊಂದಕ್ಕೆ 2.9. ಈ 0.2 ಸೆಕೆಂಡಿನ ಅಂತರವನ್ನು ಅಲಕ್ಷಿಸಬಹುದೇ ಕೂಡದೇ ಎಂಬುದನ್ನು ಗೌಡರು, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅಲುಗಾಡಲಾರದೆ ನಿಂತಿದ್ದ ತಮ್ಮ ಹಳೆಯ ಇನ್ನೋವಾದಲ್ಲಿ ಕುಳಿತು, ನನಗೆ ಸಾವಧಾನವಾಗಿ ವಿವರಿಸಿದರು. ಕಾಲಾವಕಾಶಕ್ಕೆ ಅಲ್ಲಿ ಕೊರತೆಯಿರಲಿಲ್ಲ.

ಶೋರೂಮಿಗೆ ಹೋದಾಗಿನ ಅವರ ವೈಖರಿಯನ್ನು ನೋಡಿಯೇ ನಂಬಬೇಕು. ಹುರಕಾನಿನಲ್ಲಿ ಎಂಜಿನ್ ಚಾಲೂ ಮಾಡುವ ಗುಂಡಿಗೆ ಯುದ್ಧವಿಮಾನದ ಪದ್ಧತಿಯನ್ನನುಸರಿಸಿ ಕೆಂಪು ಮುಚ್ಚಳವೊಂದನ್ನಿಟ್ಟಿದ್ದಾರೆ. ಗೌಡರು ಆ ಮುಚ್ಚಳವನ್ನು ತೋರುಬೆರಳಿನಿಂದ ಎತ್ತುವರು, ಒಳಗಿನ ಗುಂಡಿಯನ್ನು ಮುಟ್ಟದೆ ದಿಟ್ಟಿಸುವರು, ಟಪ್ಪೆಂದು ಮುಚ್ಚುವರು, ಮತ್ತೆ ಎತ್ತುವರು. ಮಾರಾಟದ ಹುಡುಗನ ಮುಖದ ಮೇಲಿನ ಮುಗುಳ್ನಗೆ ಪ್ರತಿ ಟಪ್ಪಿಗೂ ಒಂದಿಷ್ಟು ಕ್ಷೀಣಿಸುವುದು. ಮುಂಗಡದ ಮಾತೆತ್ತಿದರೆ ಗೌಡರು ರಸ್ತೆ ತೆರಿಗೆಯ ಮಾತೆತ್ತುವರು: ನಮ್ಮ ರಾಜ್ಯದಲ್ಲಿ ಇಂಥ ಗಾಡಿಗೆ ಆಜೀವ ತೆರಿಗೆ ನೂರಕ್ಕೆ 18ರಂತೆ, ಎಂದರೆ ಮೂರು ಕೋಟಿಗೆ 54 ಲಕ್ಷ. ‘ತೆರಿಗೆ ಆಜೀವ ಅಂತೀರಿ, ಯಾರ ಜೀವ, ಗಾಡಿದೋ ನಂದೋ?’

ಮೂತಿಯನ್ನು ಮೇಲೆತ್ತುವ ಉಪಾಯ ಎರಡು ಗಾಡಿಗಳಲ್ಲಿಯೂ ಉಂಟು. ಆದರೂ ಗೌಡರು ತಮ್ಮ ಮನೆಯ ಮುಂದಿನ ಹಂಪನ್ನು ಟೇಪು ಹಿಡಿದು ಅಳೆದು ಬಂದರು. ಹಿಂದೊಮ್ಮೆ ಪಂಚಾಯಿತಿಯವರ ಬೆನ್ನುಹತ್ತಿ ಅದನ್ನು ಹಾಕಿಸಿದವರು ಇವರೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಇನ್ನು ಆಸನಗಳ ಪ್ರಶ್ನೆ. ಹುರಕಾನಿನಲ್ಲಿರುವುವು ಎರಡೇ, ಪೋರ್ಷೆಯಲ್ಲಿ ಹಿಂದೆ ಇನ್ನೆರಡು ಪುಟ್ಟ ಪೀಠಗಳುಂಟು. ಇವುಗಳ ಪ್ರಯೋಜನವನ್ನು ಪರೀಕ್ಷಿಸಲು ತಾಯಿಯವರನ್ನು ಕರೆದೊಯ್ದರು. ಆ ವೃದ್ಧೆ ಬಾಗಿ, ಇಣುಕಿ, ಸೆರಗು ಸರಿಪಡಿಸಿಕೊಂಡು ಹಿಂದೆ ಸರಿದರು: ‘ಅಲ್ಲ ಕಣ್ ಮಗ, ಇಷ್ಟು ದುಡ್ ಕೊಟ್ಟು ನೆಲದ್ ಮ್ಯಾಲೇ ಕೂರೋದಾದ್ರೆ ಮನೇಲಿ ಚಾಪೆ ಇಲ್ವಾ?’ ಈ ಅಭಿಪ್ರಾಯವೂ ಪುಸ್ತಕದಲ್ಲಿ ದಾಖಲಾಯಿತು, ಎರಡೂ ಪುಟಗಳಲ್ಲಿ.

ಇಂತಿರಲು, ತುಲನೆ ಮುಗಿಯುವ ಮೊದಲೇ ತುಲ್ಯವಸ್ತುಗಳೇ ಮುಗಿದುಹೋದುವು. 2024ರಲ್ಲಿ ಹುರಕಾನಿನ ತಯಾರಿಕೆ ನಿಂತು, ಅದರ ಸ್ಥಾನಕ್ಕೆ ಎಂಟು ಸಿಲಿಂಡರುಗಳ ಜೊತೆಗೆ ಮೂರು ವಿದ್ಯುತ್ ಮೋಟಾರುಗಳನ್ನು ಹೊತ್ತ ಟೆಮೆರಾರಿಯೊ ಬಂದಿತು; 2025ರಲ್ಲಿ ಪೋರ್ಷೆಯೂ ತನ್ನ ಟರ್ಬೊ ಎಸ್‌ಗೆ ವಿದ್ಯುತ್ತಿನ ನೆರವನ್ನು ಕೂಡಿಸಿ 711 ಅಶ್ವಶಕ್ತಿಗೆ ಏರಿಸಿತು. ಗೌಡರಿಗೆ ಆಘಾತವಾದೀತೆಂದು ಅಂಜಿ ಸಮಾಧಾನದ ನುಡಿಗಳನ್ನು ಸಿದ್ಧಪಡಿಸಿಕೊಂಡು ಹೋದ ನನಗೆ ಕಾಣಿಸಿದ್ದು, ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದ ಪ್ರಸನ್ನವದನ. ಇಟಲಿಯದಕ್ಕೆ ಗೋಡೆಯ ತಂತಿಯಿಂದಲೂ ವಿದ್ಯುತ್ತನ್ನು ಊಡಬಹುದು, ಜರ್ಮನಿಯದಕ್ಕೆ ಆ ಪಾಡಿಲ್ಲ ಎಂಬ ನವೀನ ಭೇದವನ್ನು ಅವರು ಅದಾಗಲೇ ಕಂಡುಹಿಡಿದಿದ್ದರು.

‘ಇಲ್ಲೇ ಇರೋದು ನೋಡಿ ಸಮಸ್ಯೆ,’ ಎಂದರು ಗೌಡರು, ಪೆನ್ನಿನ ಮುಚ್ಚಳ ತೆಗೆಯುತ್ತ. ‘ನಮ್ಮ ತೋಟದಾಗೆ ತ್ರೀ ಫೇಸ್ ಕರೆಂಟು ಬರೋದೇ ರಾತ್ರಿ ಎರಡು ಗಂಟೆಗೆ. ಆಗ ಎದ್ದು ಪಂಪ್‌ಸೆಟ್ ಹಾಕೋದೋ, ಇದನ್ನ ಹಾಕೋದೋ?’