ಉಯಿಲು ಬರೆಯದ ಮಹನೀಯರಿಗೊಂದು ಬಿನ್ನವತ್ತಳೆ

ನಗರ ಸುಧಾರಣಾ ಮಂಡಳಿಯಾದ ಸಿಐಟಿಬಿಯ ಕಾಲದಲ್ಲಿ ಅಗ್ಗಕ್ಕೆ ಸಿಕ್ಕ ಜಯನಗರದ ಅರವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಎರಡು ತೆಂಗಿನಮರ ಬೆಳೆಸಿ, ಕರೆಂಟು ಬಿಲ್ಲಿನ ರಸೀತಿಗಳನ್ನು ವರ್ಷವಾರು ದಾರ ಕಟ್ಟಿ ಗಾಡ್ರೆಜ್ ಬೀರುವಿನಲ್ಲಿ ಕಾಪಾಡಿ, ಕೆಟ್ಟುಹೋದ ಮಿಕ್ಸಿಯ ಗ್ಯಾರಂಟಿ ಕಾರ್ಡನ್ನೂ ಎಸೆಯದೆ, ಉಯಿಲೊಂದನ್ನು ಮಾತ್ರ ಬರೆಯದೆ ಇದೀಗ ವೈಕುಂಠಕ್ಕೆ ದಯಮಾಡಿಸಿರುವ ಹಿರಿಯರೇ, ತಮ್ಮ ಪಾದಾರವಿಂದಗಳಿಗೆ ಬಡಾವಣೆಯ ನಾಗರಿಕರ ಸಾಷ್ಟಾಂಗ ನಮಸ್ಕಾರಗಳು.

ಉಯಿಲು ಬರೆಯುವುದೇನೂ ಘನಕಾರ್ಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಒಂದು ಬಿಳಿ ಹಾಳೆ, ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಂಥದ್ದನ್ನು ಯಾರು ಬೇಕಾದರೂ ಮಾಡಿಯಾರು. ಮಾಡದೆ ಉಳಿಯುವುದಕ್ಕೆ ಬೇಕಾದ ತಪಸ್ಸು ತಮ್ಮದು. ಆಷಾಢದಲ್ಲಿ ಬೇಡವೆಂದಿರಿ, ಪಿತೃಪಕ್ಷದಲ್ಲಿ ಆ ಮಾತೇ ಎತ್ತಬೇಡಿ ಎಂದಿರಿ, ಧನುರ್ಮಾಸ ಕಳೆಯಲಿ, ಸಂಕ್ರಾಂತಿ ಆಗಲಿ, ಮೊಮ್ಮಗಳ ಮದುವೆ ಮುಗಿಯಲಿ ಎಂದಿರಿ. ಕೊನೆಗೆ "ಇನ್ನೂ ಗುಂಡುಕಲ್ಲಿನ ಹಾಗಿದ್ದೀನಿ ಕಣೋ, ನನ್ನ ಕಳಿಸೋಕೆ ಅಷ್ಟು ಅವಸರವೇ?" ಎಂಬ ಒಂದೇ ಮಾತಿನಿಂದ ಹಿರಿಮಗನನ್ನು ಶಾಶ್ವತವಾಗಿ ಸುಮ್ಮನಾಗಿಸಿದಿರಿ.

ಹಾಗೆಂದು ತಾವು ಏನೂ ಮಾಡಲಿಲ್ಲವೆಂದವರ ನಾಲಗೆಗೆ ಹುಳ ಬೀಳಲಿ. ಬ್ಯಾಂಕಿನಲ್ಲಿ ಕಿರಿಮಗನನ್ನು ನಾಮಿನಿ ಮಾಡಿ "ಎಲ್ಲಾ ವ್ಯವಸ್ಥೆ ಮಾಡಿದ್ದೀನಿ" ಎಂದು ಪಾರ್ಕಿನ ಗೆಳೆಯರೆದುರು ಸಾರಿದ್ದೀರಿ. ನಾಮಿನಿ ಎಂದರೆ ಹಣವನ್ನು ವಾರಸುದಾರರ ಪರವಾಗಿ ಪಡೆದುಕೊಳ್ಳುವವನು, ಒಡೆಯನಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. ಷೇರುಗಳಿಗೂ ಇದೇ ಮಾತೆಂದು ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಹೇಳಿತು. ಇಂಥ ಸಣ್ಣಪುಟ್ಟ ವಿವರ ಹೇಳಿ ಕಿರಿಮಗನ ಸಂತೋಷವನ್ನು ತಾವು ಕೆಡಿಸಲಿಲ್ಲ.

ಪಾರ್ಶ್ವವಾಯು ಬಡಿದು ತಾವು ಐಸಿಯುವಿನಲ್ಲಿ ಮಾತಿಲ್ಲದೆ ಮಲಗಿದ ದಿನಗಳಂತೂ ಸ್ಮರಣೀಯ. ಖಾತೆಗಳೆಲ್ಲ ತಮ್ಮೊಬ್ಬರ ಹೆಸರಿನಲ್ಲೇ. ಎಂದೋ ಬರೆದುಕೊಟ್ಟಿದ್ದ ಪವರ್ ಆಫ್ ಅಟಾರ್ನಿಯೂ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದೊಡನೆ ಕಾನೂನಿನ ಪ್ರಕಾರ ತಾನೂ ಮಲಗಿತು. ಧರ್ಮಪತ್ನಿಯವರು ಕೈಬಳೆ ಅಡವಿಟ್ಟು ಬಿಲ್ಲು ಕಟ್ಟಿದರು; ತಮ್ಮ ಎಫ್.ಡಿ.ಯನ್ನು ಯಾರೂ ಮುಟ್ಟಲಾಗಲಿಲ್ಲ, ಬಡ್ಡಿ ಸಮೃದ್ಧವಾಗಿ ಬೆಳೆಯಿತು. ಇನ್ನು ಚಿಕಿತ್ಸೆಯ ಮಾತಿಗೆ ಬಂದರೆ, ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಘನತೆಯ ಸಾವಿನ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಇಂತಿಂಥ ಚಿಕಿತ್ಸೆ ತನಗೆ ಬೇಡವೆಂದು ಮೊದಲೇ ಬರೆದಿಡಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶವನ್ನೂ ಹೊರಡಿಸಿತು. ಇಷ್ಟು ಜನರ ಶ್ರಮವನ್ನು ತಾವು ಬಳಸಿಕೊಳ್ಳದೆ ಹಾಗೆಯೇ ಉಳಿಸಿದಿರಿ. ವೆಂಟಿಲೇಟರು ತೆಗೆಯುವುದೋ ಬೇಡವೋ ಎಂದು ನ್ಯೂಜೆರ್ಸಿಯ ಕಿರಿಮಗನೂ ಇಲ್ಲಿನ ಹಿರಿಮಗನೂ ವಿಡಿಯೋ ಕಾಲಿನಲ್ಲಿ ಕೂಗಾಡಿದ್ದನ್ನು ವಾರ್ಡಿಗೆ ವಾರ್ಡೇ ಕೇಳಿತು.

ಹೆಣ್ಣುಮಕ್ಕಳ ವಿಷಯದಲ್ಲಿ ತಮ್ಮ ಔದಾರ್ಯವನ್ನು ಹೇಗೆ ಬಣ್ಣಿಸೋಣ? ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ತಮ್ಮ ಮನೆಯ ಕಾಯ್ದೆ ಅದಕ್ಕಿಂತ ಪುರಾತನವಾದದ್ದು: "ಮದುವೇಲಿ ಬಂಗಾರ ಹಾಕಿದ್ದಾಯ್ತಲ್ಲಮ್ಮ." ವೈಕುಂಠ ಸಮಾರಾಧನೆಯ ಎಲೆ ಎತ್ತುವ ಮೊದಲೇ ಹಕ್ಕು ಬಿಡುಗಡೆ ಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಿನ ಗೊತ್ತುಮಾಡುವಷ್ಟು ಚುರುಕಾದ ಗಂಡುಮಕ್ಕಳನ್ನು ತಾವು ಬೆಳೆಸಿದ್ದೀರಿ. ದೊಡ್ಡವಳು ಸಹಿ ಹಾಕಿದಳು. ಗೌರಿಹಬ್ಬಕ್ಕೆ ಸೀರೆ ಬಂತು. ಚಿಕ್ಕವಳು ಹಾಕಲಿಲ್ಲ, ಅವಳಿಗೆ ಬಾಗಿನ ನಿಂತಿತು, ಇವರಿಗೆ ಅವಳ ವಕೀಲರ ನೋಟಿಸು ಬಂತು.

ಈಗ ತಮ್ಮ ಕಾಂಪೌಂಡಿನ ಮೇಲೆ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ "ಈ ಸ್ವತ್ತು ನ್ಯಾಯಾಲಯದ ವ್ಯಾಜ್ಯದಲ್ಲಿದೆ, ಯಾರೂ ಕೊಳ್ಳಬಾರದು" ಎಂಬ ಬರಹವೂ ದಾವಾ ಸಂಖ್ಯೆಯೂ ಶೋಭಿಸುತ್ತಿವೆ. ತಮ್ಮ ಹೆಸರಿನ ಫಲಕಕ್ಕಿಂತ ಅದೇ ದೂರದಿಂದ ಕಾಣುತ್ತದೆ.

ಶಾಲು, ಗಂಧದ ಹಾರ, ಫಲತಾಂಬೂಲ ಸಿದ್ಧವಾಗಿವೆ. ತಮ್ಮ ಪರವಾಗಿ ಅವನ್ನು ಸ್ವೀಕರಿಸಲು ಧರ್ಮಪತ್ನಿ ಹಾಗೂ ನಾಲ್ವರು ಮಕ್ಕಳಲ್ಲಿ ಯಾರು ಹಕ್ಕುದಾರರೆಂಬುದು ಇನ್ನೂ ಇತ್ಯರ್ಥವಾಗಿಲ್ಲದ ಕಾರಣ, ಸನ್ಮಾನ ಸಮಾರಂಭವನ್ನು ಮುಂದಿನ ವಾಯಿದೆಯವರೆಗೆ ಮುಂದೂಡಲಾಗಿದೆ.