ಒ ಅಂದ್ರೆ ಒನಕೆ

ನಮ್ಮ ಮನೆಗೂ ಪಕ್ಕದ ಅಕ್ಕನ ಮನೆಗೂ ನಡುವೆ ಒಂದು ಕಳ್ಳಿಬೇಲಿ. ಬೇಲಿಯಲ್ಲೊಂದು ಕಿಂಡಿ. ಮೊದಲು ಅದರಲ್ಲಿ ಕೋಳಿ ನುಸುಳುತ್ತಿತ್ತು, ಆಮೇಲೆ ಮಜ್ಜಿಗೆ ಚೊಂಬು, ಈಗ ನಮ್ಮೂರು ಗುಡೇಕೋಟೆಯ ಸುದ್ದಿಯೆಲ್ಲ ಓಡಾಡುತ್ತದೆ. ನಾನು ದುಬೈಯಿಂದ ಬಂದು ಎಂಟು ದಿನವಾಯಿತು. ಎಂಟೂ ದಿನ ಅಕ್ಕ ಶೇಂಗಾ ಸುಲಿಯುವ ನೆಪದಲ್ಲಿ ಕಿಂಡಿಯ ಪಕ್ಕದಲ್ಲೇ ಕೂತಿದ್ದಾಳೆ. ಒಂದು ಮೊರ ಶೇಂಗಾ ಎಂಟು ದಿನ ಬರುತ್ತದೆಯೇ, ನೀವೇ ಹೇಳಿ.

"ಅಲ್ರೀ ಟೀಚರಮ್ಮ, ನಿಮ್ಮ ಸೊಸಿ ಅಲ್ಲಿ ಹುಡುಗರಿಗೆ ಕನ್ನಡ ಹೇಳಿಕೊಡ್ತಾಳಂತಲ್ಲ, ಎಷ್ಟು ಕೊಡ್ತಾರ?"

"ಏನೂ ಇಲ್ಲಕ್ಕ. ಪುಕ್ಕಟೆ."

"ಪುಕ್ಕಟೆ ಪಾಠ ಹೇಳಾಕ ಅಷ್ಟು ದೂರ ಯಾಕ ಹೋಗಬೇಕಿತ್ತು? ಇಲ್ಲೇ ಹೇಳಬೋದಿತ್ತಲ್ಲ!"

ಹೊಟ್ಟೆಪಾಡಿಗೆ ಅವಳಿಗೆ ಬೇರೆ ನೌಕರಿ ಇದೆ, ಲೆಕ್ಕಪತ್ರದ ಕೆಲಸ, ಪಾಠ ರಜೆಯ ದಿನ ಮಾತ್ರ ಅಂದೆ. ಅಲ್ಲಿ ಮೊದಲು ರಜೆ ಶುಕ್ರವಾರ, ಶನಿವಾರ ಇತ್ತು. 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಸರಿಸಿದರು. ಪಕ್ಕದ ಶಾರ್ಜಾದವರು ಮಾತ್ರ ಜಾಣರು, ಹೊಸ ರಜೆ ಹಿಡಿದುಕೊಂಡು ಹಳೆಯ ಶುಕ್ರವಾರವನ್ನೂ ಬಿಡಲಿಲ್ಲ. ವಾರಕ್ಕೆ ಮೂರು ದಿನ ರಜೆ ಅಂದಕೂಡಲೆ ಅಕ್ಕ ಒಳಗಿದ್ದ ಮೊಮ್ಮಗನತ್ತ ಕಣ್ಣು ಹಾಯಿಸಿ, "ಸಣ್ಣಗ ಮಾತಾಡ್ರಿ, ಕೇಳಿಸಿಕೊಂಡಾನು" ಅಂದಳು.

ಅಲ್ಲಿ ಇಂಥ ಪಾಠ ಹೊಸದೇನಲ್ಲ. 'ಕನ್ನಡ ಮಿತ್ರರು' ಅನ್ನುವ ಬಳಗ 2014ರಿಂದ ದುಬೈಯಲ್ಲಿ ಶುಲ್ಕವಿಲ್ಲದ ಕನ್ನಡ ಪಾಠಶಾಲೆಯನ್ನೇ ನಡೆಸುತ್ತಿದೆ. ನಮ್ಮ ಸೊಸೆಯದು ಅಷ್ಟು ದೊಡ್ಡ ಸಂಸಾರವಲ್ಲ. ಸುತ್ತಲಿನ ನಾಲ್ಕು ಕಟ್ಟಡಗಳ ಹದಿನಾರು ಮಕ್ಕಳು, ಬೇಡಿ ಪಡೆದ ಒಂದು ಹಾಲ್, ಗೋಡೆಗೆ ಒರಗಿಸಿದ ಬಿಳಿ ಬೋರ್ಡು. ಭಾನುವಾರದ ಎರಡು ತಾಸಿಗೆ ಗುರುವಾರದಿಂದಲೇ ಮನೆ ತುಂಬ ಕಾಗದ. ಪ್ರಿಂಟರಿನ ಶಾಯಿ ಮುಗಿದದ್ದು ಗೊತ್ತಾಗುವುದು ಯಾವಾಗಲೂ ಶನಿವಾರ ರಾತ್ರಿಯೇ. ಅಷ್ಟೊತ್ತಿಗೆ ಫೋನ್ ಕುಂಯ್ ಅನ್ನುತ್ತದೆ: ನಾಳೆ ನಮ್ಮ ಹುಡುಗನಿಗೆ ಈಜು, ನಮ್ಮ ಹುಡುಗಿಗೆ ಹುಟ್ಟುಹಬ್ಬ. ಹದಿನಾರರಲ್ಲಿ ಹನ್ನೊಂದು ಬಂದರೆ ಅವತ್ತು ಹಬ್ಬ. ಮೂವತ್ತೊಂದು ವರ್ಷ ಹಾಜರಿ ಪುಸ್ತಕ ಹಿಡಿದವಳು ನಾನು, ಮೊದಲ ಭಾನುವಾರ ಸುಮ್ಮನೆ ನೋಡುತ್ತ ಕೂರಬೇಕು ಅಂತ ಹೋದೆ. ಹತ್ತು ನಿಮಿಷ ಕೂತಿರಬಹುದು.

ಎದ್ದದ್ದು ಯಾಕೆಂದರೆ, ಸೊಸೆ ಬೋರ್ಡಿನ ಮೇಲೆ ಅ ಆ ಇ ಈ ಬರೆಯತೊಡಗಿದಳು. ನನ್ನ ಕೈ ತಡೆಯಲಿಲ್ಲ. ನಲಿ-ಕಲಿಯಲ್ಲಿ ಪಳಗಿದ ಟೀಚರಿಗೆ ಕನ್ನಡ ಶುರುವಾಗುವುದು ಅ ಇಂದಲ್ಲ, ರ ಗ ಸ ದ ಅ ಇಂದ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಮ್ಮಂಥ ಮೇಷ್ಟ್ರುಗಳೇ ಕೂತು ಹೊಸೆದ ಪದ್ಧತಿ ಅದು. ಐದು ಅಕ್ಷರ ಕಲಿತರೆ ಮಗು ಅವತ್ತೇ ಸರ, ಅರಸ, ದಸರ ಓದಿಬಿಡುತ್ತದೆ. ಹದಿಮೂರು ಸ್ವರ ಮುಗಿಯುವ ತನಕ ಒಂದು ಪದಕ್ಕೆ ಕಾಯಬೇಕಿಲ್ಲ. ಅತ್ತೆ ಸೊಸೆ ಬೋರ್ಡಿನ ಮುಂದೆ ನಿಂತು ವಾದ ಮಾಡಿದೆವು, ಮಕ್ಕಳಿಗೆ ಪುಕ್ಕಟೆ ಮನರಂಜನೆ. ಕೊನೆಗೆ ನಾನು ಗೆದ್ದೆ, ಗರಗಸ ಬರೆಸಿದೆ. ಎಲ್ಲರೂ ಗಡಗಡ ಓದಿದರು. ಗರಗಸ ಅಂದರೆ ಏನು ಅಂತ ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಸೊಸೆ ನಕ್ಕಿದ್ದು ನನಗೆ ಕಾಣಿಸಿತು.

"ಮನಿಯಾಗ ಕನ್ನಡ ಮಾತಾಡಲ್ಲೇನು ಅವು?" ಅಕ್ಕನ ಪ್ರಶ್ನೆ.

ಅದನ್ನೇ ನಾನೂ ಕೇಳಿದ್ದೆ. ಒಬ್ಬಳ ಮನೆಯಲ್ಲಿ ತುಳು, ಇನ್ನೊಬ್ಬನದು ಕೊಂಕಣಿ, ಇಬ್ಬರದು ಬ್ಯಾರಿ. ಕುಂದಾಪುರದ ಒಬ್ಬಳು ಆಡುವುದು ಕನ್ನಡವೇ, ಆದರೆ ಹುಬ್ಬಳ್ಳಿಯ ಹುಡುಗನಿಗೆ ಅದು ತಿಳಿಯದು, ಅವನದು ಅವಳಿಗೆ ತಿಳಿಯದು. ನನಗೇನೂ ಗಾಬರಿಯಾಗಲಿಲ್ಲ. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ನನ್ನ ಮೊದಲ ತರಗತಿ ಹೇಗಿತ್ತು? ತಾಂಡಾದ ಮಕ್ಕಳಿಗೆ ಲಂಬಾಣಿ, ಗಡಿಯ ಕಡೆಯವರಿಗೆ ತೆಲುಗು, ಕೋಟೆ ಕೆಳಗಿನವರಿಗೆ ಉರ್ದು. ಕನ್ನಡ ನಮ್ಮಲ್ಲೂ ಅರ್ಧ ಮಕ್ಕಳು ಶಾಲೆಗೆ ಬರುವಾಗ ತೊಟ್ಟುಕೊಂಡು ಬರುತ್ತಿದ್ದ ಅಂಗಿಯೇ. ವ್ಯತ್ಯಾಸ ಇಷ್ಟೆ, ಇಲ್ಲಿ ಅಂಗಳಕ್ಕೆ ಕಾಲಿಟ್ಟರೆ ಆಟದಲ್ಲಿ, ಜಗಳದಲ್ಲಿ, ಬೈಗುಳದಲ್ಲಿ ಕನ್ನಡ ಹತ್ತಿಕೊಳ್ಳುತ್ತಿತ್ತು. ಅಲ್ಲಿ ಹಾಲ್‌ನ ಬಾಗಿಲು ದಾಟಿದರೆ ಮಕ್ಕಳು ಜಗಳವನ್ನೂ ಇಂಗ್ಲಿಷಿನಲ್ಲೇ ಆಡುತ್ತವೆ. ಕನ್ನಡದಲ್ಲಿ ಬೈಯಲು ಬಾರದ ಮಗುವಿಗೆ ಕನ್ನಡ ಬಂತು ಅಂತ ನಾನಂತೂ ಒಪ್ಪುವುದಿಲ್ಲ. ಸೊಸೆಗೆ ಇದನ್ನು ಪಾಠಪಟ್ಟಿಗೆ ಸೇರಿಸು ಅಂದೆ. ಸೇರಿಸಿಲ್ಲ.

ಒ ಅಕ್ಷರದ ದಿನ ಗಮ್ಮತ್ತಾಯಿತು. ಗೋಡೆಯ ಚಾರ್ಟಿನಲ್ಲಿ ಒಂಟೆ. ಇಷ್ಟು ವರ್ಷ ಗುಡೇಕೋಟೆ ಸುತ್ತಮುತ್ತ ಒಂಟೆ ತೋರಿಸದೆ ಒಂಟೆ ಕಲಿಸಿದವಳು ನಾನು. ಅಲ್ಲಿನ ಮಕ್ಕಳು ಅದರ ಮೇಲೆ ಕೂತು ಬಂದವರು, ಅದು ಹೇಗೆ ಮಂಡಿಯೂರುತ್ತದೆ ಅಂತ ನನಗೇ ಮಾಡಿ ತೋರಿಸಿದರು. ನಾನು ಬಿಡುತ್ತೇನೆಯೇ? ಓಬವ್ವನ ತವರೂರಿನವಳು. ಒ ಅಂದ್ರೆ ಒನಕೆ ಅಂದೆ. ಚಿತ್ರದುರ್ಗದವರು ಆಕೆಯನ್ನು ಸೊಸೆ ಅಂತ ಮೆರೆಸಲಿ, 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಜಯಂತಿಯನ್ನೂ ಮಾಡುತ್ತಿದೆ, ಸಂತೋಷ. ಮಗಳು ನಮ್ಮವಳು ಅನ್ನುವುದು ನಮ್ಮೂರ ಹಟ. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಕೂತದ್ದು, ಆಕೆ ನೀರಿಗೆ ಹೋದದ್ದು, ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ನುಸುಳಿದ್ದು, ಆಕೆ ಒನಕೆಯಿಂದ ಬಡಿದದ್ದು, ಎಲ್ಲ ಹೇಳಿದೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದವು. ಕೊನೆಗೆ ಒಬ್ಬ ಕೈಯೆತ್ತಿದ: "ಟೀಚರ್, ಒನಕೆ ಅಂದ್ರೆ ಚಪಾತಿ ಲಟ್ಟಿಸೋದಾ?"

"ಅವತ್ತೇ ಅಲ್ಲೇನ್ರೀ ನೀವು ಫೋನ್ ಮಾಡಿದ್ದು?" ಅಕ್ಕನ ಮುಖ ಅರಳಿತು.

ಅವತ್ತೇ. ಅಲ್ಲಿ ಹತ್ತು ಗಂಟೆ, ಇಲ್ಲಿ ಹನ್ನೊಂದೂವರೆ. ವಿಡಿಯೋ ಕರೆ ಮಾಡಿ, ಒನಕೆ ತೋರಿಸಕ್ಕ ಅಂದೆ. ಅಕ್ಕ ಅಡಿಗೆಮನೆ, ಅಟ್ಟ, ಪಡಸಾಲೆ ಎಲ್ಲ ತಡಕಿದಳು. ಗಿರಣಿ ಬಂದ ಮೇಲೆ ಒನಕೆಯ ಪತ್ತೆ ಯಾರಿಟ್ಟಿದ್ದಾರೆ? ಕೊನೆಗೆ ಸಿಕ್ಕಿದ್ದು ದನದ ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ. ಮೊಮ್ಮಗ ಫೋನ್ ಹಿಡಿದ, ಅಕ್ಕ ಸೆರಗು ಸಿಗಿಸಿ ಒನಕೆ ಎತ್ತಿ ನಿಂತಳು. ಅಲ್ಲಿ ಹನ್ನೆರಡು ಮಕ್ಕಳು ಓಬವ್ವ, ಓಬವ್ವ ಅಂತ ಕೂಗಿದ್ದೇ ಕೂಗಿದ್ದು. ಒಬ್ಬಳಿಗೆ ಮಾತ್ರ ಇನ್ನೊಂದು ಅನುಮಾನ. ನಮ್ಮೂರ ಸುತ್ತ ಕರಡಿಧಾಮ ಇದೆ, ಕರಡಿ ಹೊಲಕ್ಕೇ ಬರುತ್ತದೆ ಅಂತ ಹಿಂದಿನ ವಾರ ಕ ಕಲಿಸುವಾಗ ಹೇಳಿದ್ದೆ. "ಕರಡಿ ಎಲ್ಲಿ?" ಅಂದಳು.

"ಈಗ ಬಂಡೆಗಲ್ಲಿನ ಸಂದ್ಯಾಗ ಮಲಗೈತವ್ವ. ಸಂಜಿ ಮುಂದ ಎದ್ದು ಹುತ್ತ ಕೆದರಾಕ, ಸೀತಾಫಲ ತಿನ್ನಾಕ ಬರ್ತೈತಿ, ಆವಾಗ ಮಾಡು" ಅಂದಳು ಅಕ್ಕ. ಪಾಪ, ಆ ಹುಡುಗಿ ಸಂಜೆ ನಿಜಕ್ಕೂ ಕರೆ ಮಾಡಿಸಿದಳಂತೆ.

ಆಮೇಲಿನದ್ದನ್ನು ನಾನಾಗಿ ಎತ್ತಬಾರದಿತ್ತು. ಬಾಯಿ ತಪ್ಪಿ ಬಂತು. ಫೋನ್ ಹಿಡಿದ ಮೊಮ್ಮಗನಿಗೆ ಸೊಸೆ ಬೋರ್ಡು ತೋರಿಸಿ, ನೀನೂ ಓದಪ್ಪ ಅಂದಿದ್ದಳು. ಅವನು ದಿನಾ ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುವವನು. 'ಓಬವ್ವ'ದ ಒತ್ತಿನಲ್ಲಿ ಒಮ್ಮೆ ಎಡವಿ, 'ಸೈನಿಕ'ದ ಹತ್ತಿರ ಪೂರ್ತಿ ನಿಂತುಬಿಟ್ಟ. ಆ ಕಡೆಯಿಂದ ಆರು ವರ್ಷದ ಕೊಂಕಣಿ ಮನೆಯ ಹುಡುಗ, ಪರದೆಗೆ ಮೂಗು ಅಂಟಿಸಿ, "ಸೈ... ಸೈ..." ಅಂತ ಹೇಳಿಕೊಟ್ಟ.

ಅಕ್ಕ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

"ಅವತ್ತು ನೆಟ್‌ವರ್ಕ್ ಸರಿ ಇರಲಿಲ್ಲ, ಟೀಚರಮ್ಮ."

"ಹೌದಕ್ಕ, ಇರಲಿಲ್ಲ."

ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅಕ್ಕನ ಕೋಳಿ ಈ ಕಡೆ ಬಂತು, ಹೋಯಿತು. ಅಕ್ಕ ಮೊರ ಎತ್ತಿಕೊಂಡು ಎದ್ದವಳು ಮತ್ತೆ ಕಿಂಡಿಗೆ ಬಗ್ಗಿದಳು.

"ಆ ಪಾಠ ಐತಾರ ಎಷ್ಟಕ್ಕಂದ್ರಿ?"

"ಇಲ್ಲಿಯ ಹನ್ನೊಂದೂವರೆಗೆ."

"ಪುಕ್ಕಟೆನ ಅಂದ್ರಲ್ಲ?"