ಕೀಲಿಗೆ ಬಗ್ಗದ ಸದ್ದು

ಎಚ್‌ಡಿಎಂಐ ಕೇಬಲ್ಲಿನಿಂದ ಜೋಡಿಸಿದ ಮಾನಿಟರಿನ ಸ್ಪೀಕರ್ ಕೀಬೋರ್ಡಿನ ಮಾತು ಕೇಳುವುದೋ ಇಲ್ಲವೋ ಎಂಬುದು ಕಂಪ್ಯೂಟರಿನ ಕುಲದ ಮೇಲೆ ನಿಂತಿದೆ. ವಿಂಡೋಸ್ ಸದ್ದನ್ನು ಕೇಬಲ್ಲಿಗೆ ಬಿಡುವ ಮೊದಲೇ ತಗ್ಗಿಸುತ್ತದೆ. ಕೀಲಿ ಒತ್ತಿದರೆ ಸಾಕು. ಮ್ಯಾಕ್ ಮಾತ್ರ ಬಂದದ್ದನ್ನು ಬಂದ ಹಾಗೇ ದಾಟಿಸಿ, ಮುಂದಿನದು ಮಾನಿಟರಿನ ಹಣೆಬರಹ ಎಂದು ಸರ್ಕಾರಿ ಕಚೇರಿಯ ಗತ್ತಿನಲ್ಲಿ ಕೈತೊಳೆದುಕೊಳ್ಳುತ್ತದೆ.

ಉಳಿಯುವುದು ಮಾನಿಟರಿನ ಬೆನ್ನಿಗಂಟಿದ ಗುಂಡಿಗಳು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ, ಜನವರಿಯ ಇಬ್ಬನಿ ಹೆಪ್ಪುಗಟ್ಟುವ ರಾತ್ರಿ, ಕಂಬಳಿಯಿಂದ ಕೈ ಹೊರತೆಗೆದು ಕಾಣದ ಗುಂಡಿಯನ್ನು ತಡಕುವುದು ಒಂದು ವ್ರತವೇ ಸರಿ. ಸದ್ದು ಇಳಿಸಲು ಹೋಗಿ ಮಾನಿಟರನ್ನೇ ಆರಿಸುವುದೂ ಉಂಟು. ಕೆಳಗಿನ ಮಸಿನಗುಡಿಯಲ್ಲಿ ಅಷ್ಟು ಚಳಿಯಿಲ್ಲ, ಬೆರಳು ಮರಗಟ್ಟುವುದಿಲ್ಲ. ಆದರೆ ಕಾಡಂಚಿನ ಇರುಳಿನಲ್ಲಿ ಸಿನಿಮಾದ ಹೊಡೆದಾಟ ನೆರೆಮನೆಯವರಿಗೂ ಪುಕ್ಕಟೆ ಸಿಗುತ್ತದೆ.

ಮದ್ದು ಕೇಬಲ್ಲಿನೊಳಗೇ ಇದೆ. ಚಿತ್ರ ಹೋಗುವ ದಾರಿಯಲ್ಲೇ ಮಾನಿಟರಿಗೆ ಆಜ್ಞೆ ಕಳಿಸುವ ಡಿಡಿಸಿ/ಸಿಐ ಎಂಬ ಮಾನದಂಡವನ್ನು ವೇಸಾ ಸಂಸ್ಥೆ 1998ರಲ್ಲೇ ರೂಪಿಸಿತು. ಹದಿನಾರರ ಎಣಿಕೆಯಲ್ಲಿ ಹೊಳಪಿನ ಸಂಕೇತ 10, ಸ್ಪೀಕರಿನದು 62. ಮ್ಯಾಕ್‌ಗೆ ಸಿಗುವ ಮಾನಿಟರ್‌ಕಂಟ್ರೋಲ್ ಎಂಬ ಮುಕ್ತ ತಂತ್ರಾಂಶ ಕೀಬೋರ್ಡಿನ ಒತ್ತನ್ನು ಈ ಆಜ್ಞೆಯಾಗಿ ಬದಲಿಸುತ್ತದೆ. ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್ ಇದೆ. ನಡುವೆ ಕೂತ ಕೆಲವು ಡಾಕ್‌ಗಳು ಆಜ್ಞೆಯನ್ನು ನುಂಗಿಬಿಡುತ್ತವೆ, ಆಗ ನೇರ ಕೇಬಲ್ಲೇ ಗತಿ. ಮಾನಿಟರಿನ ಮೆನುವಿನಲ್ಲಿ ಡಿಡಿಸಿ/ಸಿಐ ಆರಿದ್ದರೆ ಮೊದಲು ಅದನ್ನು ಚಾಲೂ ಮಾಡಬೇಕು, ಅದೂ ಬೆನ್ನ ಹಿಂದಿನ ಆ ಗುಂಡಿಗಳಿಂದಲೇ.